ಅವ್ವನ ಅಂಗಳದಲ್ಲಿ ನೀನು ಕಂಡದ್ದು

ಶಾಹೀನ್, ಉಣ್ಣೆಯ ಎಳೆ ಹೊಳೆದದ್ದನ್ನು ಕಂಡವಳು ನೀನು. ನಾನು ಕಂಡೆ ಎಂದು ಇಷ್ಟು ವರ್ಷ ಊರೂರಲ್ಲಿ ಹೇಳಿಕೊಂಡು ಬಂದದ್ದು ಸುಳ್ಳು — ಗೊತ್ತಿದ್ದೂ ಹೇಳಿದ ಸುಳ್ಳು.

ಆಗ ನೀನು ನನ್ನ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ. ಶನಿಗ್ರಹದ ಚಂದ್ರ ಟೈಟಾನ್. ಅದರ ಸುತ್ತ ದಟ್ಟವಾದ ಕಿತ್ತಳೆ ಮಬ್ಬು. ಆ ಮಬ್ಬಿನೊಳಗೆ ಬೆಳಕು ಹೇಗೆ ಹಾದುಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೆವು. ಸೂರ್ಯ ಟೈಟಾನಿನ ಹಿಂದಿದ್ದಾಗ ಬಾಹ್ಯಾಕಾಶ ನೌಕೆ ತೆಗೆದ ಚಿತ್ರದಲ್ಲಿ ಅದರ ಅಂಚು ಬಳೆಯಂತೆ ಹೊಳೆಯುತ್ತಿತ್ತು. ನಮ್ಮ ಲೆಕ್ಕದಲ್ಲಿ ಮಾತ್ರ ಬರೀ ಕಪ್ಪು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆವು.

ಒಮ್ಮೆ ಹರಪನಹಳ್ಳಿಗೆ, ನಿಮ್ಮ ಮನೆಗೆ ಹೊರಟವಳು ದಾರಿಯಲ್ಲಿ ಕೊಟ್ಟೂರಿನಲ್ಲಿಳಿದು ನಮ್ಮ ಮನೆಗೆ ಬಂದೆ. ಅಂಗಳದಲ್ಲಿ ಅವ್ವ ಕಂಬಳಿಗೆಂದು ಉಣ್ಣೆ ಹಿಂಜುತ್ತಿದ್ದಳು. ಸಣ್ಣ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ನೀನು ಅವಳ ಈ ಬದಿಗೆ ನಿಂತೆ, ಆ ಬದಿಗೆ ನಿಂತೆ.

“ಸರ, ಸೂರ್ಯನ ಕಡಿ ಮುಖ ಮಾಡಿದ್ರ ಅಷ್ಟ ಇದು ಹೊಳಿತೈತಿ ನೋಡ್ರಿ. ಬಿದ್ದ ಬೆಳಕು ಬಾಳ ಮುಂದಕ್ಕ ಹೊಂಟೈತಿ. ನಾವು ಲೆಕ್ಕದಾಗ ಎಲ್ಲಾ ಕಡಿಗೂ ಸಮ ಚದುರಿಸೀವಿ.”

“ಕುರಿ ಉಣ್ಣಿ ನೋಡಿ ಟೈಟಾನ್ ಲೆಕ್ಕ ತಿದ್ದತಿಯೇನು?” ಎಂದು ನಕ್ಕುಬಿಟ್ಟೆ. ನೀನು ಹೋದ ಮೇಲೆ ನೀನು ಹೇಳಿದಂತೆಯೇ ಲೆಕ್ಕ ತಿದ್ದಿದೆ — ಅಂಚು ಹೊಳೆಯಿತು.

ನಿನಗೆ ಹೇಳಲಿಲ್ಲ. ಪ್ರಬಂಧಕ್ಕೆ ನನ್ನ ಹೆಸರೊಂದನ್ನೇ ಹಾಕಿದೆ. ಆ ಲೆಕ್ಕ ಇವತ್ತಿಗೂ ಸರಿ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಅಂಗಳ ನಮ್ಮದು, ಉಣ್ಣೆ ನಮ್ಮದು, ಅದರ ನಡುವೆಯೇ ಬೆಳೆದವನು ನಾನು, ಹಾಗಾಗಿ ಕಂಡವನೂ ನಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಆ ಉಣ್ಣೆಯನ್ನು ನಾನು ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ. ಪ್ರಬಂಧ ಓದಿ ನೀನು ಸಂಶೋಧನೆ ಬಿಟ್ಟೆ. ಏಕೆಂದು ನಾನು ಕೇಳಲಿಲ್ಲ, ಗೊತ್ತಿತ್ತಲ್ಲ.

ಮೊನ್ನೆ ಕಾಲೇಜಿನ ಮಕ್ಕಳು ಆ ಅಂಗಳ ನೋಡಲು ಬಂದಿದ್ದರು. ಅದೇ ಕಥೆಯನ್ನು ಸಲೀಸಾಗಿ ಹೇಳಿದೆ. ಉಣ್ಣೆಯಿಂದ ತಲೆಯೆತ್ತದೆ ಅವ್ವ ಕೇಳಿದಳು: “ಅದನ್ನ ಅಂದಾಕಿ ಆ ಹುಡುಗಿ ಅಲ್ಲೇನೋ? ಈಗ ಎಲ್ಲಿ ಅದಾಳ?”

“ವಯಸ್ಸಾತು, ಅವ್ವಗ ನೆನಪು ಉಳಿಯಂಗಿಲ್ಲ” ಎಂದೆ, ಮಕ್ಕಳ ಮುಂದೆ. ಅವ್ವ ನನ್ನ ಮುಖ ನೋಡಿದಳು.

ಪ್ರಬಂಧ ಪ್ರಕಟಿಸಿದವರಿಗೆ ನಿಜ ತಿಳಿಸಿದ್ದೇನೆ. ನಾಳೆ ಹಡಗಲಿಯಲ್ಲಿ ಮತ್ತೆ ಅದೇ ಕಥೆ ಹೇಳಬೇಕಾಗಿದೆ. ನಿನ್ನ ಹೆಸರಿನಿಂದಲೇ ಶುರು ಮಾಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ — ಅವಳ ನೆನಪು ಸರಿಯಾಗಿಯೇ ಇದೆ ಎಂದು ಅವಳೆದುರಿಗೆ, ಎಲ್ಲರೆದುರಿಗೆ ಹೇಳಬೇಕು.