ಗೋಠಾ ಎಂದು ಬರೆದ ಮನೆ

ನನ್ನ ಜೇಬಿನಲ್ಲಿ ಸದಾ ಒಂದು ಅಳತೆಯ ಟೇಪು ಇರುತ್ತದೆ. ಸೊಲ್ಲಾಪುರದಲ್ಲಿ ಕಟ್ಟಡಗಳ ನಕ್ಷೆ ತೆಗೆಯುವುದು ನನ್ನ ಹೊಟ್ಟೆಪಾಡಾದ್ದರಿಂದ ಜನ ಅದನ್ನು ಕಸುಬಿನ ಗುರುತು ಎಂದುಕೊಳ್ಳುತ್ತಾರೆ. ಅದು ನನ್ನ ಹೆದರಿಕೆಯ ಗುರುತು. ಹೊಸ ಜಾಗಕ್ಕೆ ಹೋದರೆ ಬಾಗಿಲು ಎಷ್ಟು ಅಗಲ, ಬೆಂಕಿ ಬಿದ್ದರೆ ಇಷ್ಟೊಂದು ಮಂದಿ ಹೊರಬೀಳಬಹುದೇ ಎಂದು ಮೊದಲು ನೋಡುತ್ತೇನೆ. ಮದುವೆಗೆ ಹೋದರೂ ಅಡುಗೆಯ ಸಿಲಿಂಡರುಗಳನ್ನು ಎಲ್ಲಿಟ್ಟಿದ್ದಾರೆ ಎಂದು ನೋಡದೆ ಅಕ್ಷತೆ ಹಾಕಿದವನಲ್ಲ. ಹೆಂಡತಿ ಹೇಳುವುದುಂಟು: "ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ, ಯಾಕ ಸಿಗವಲ್ದು ಅಂತ ಅದಕ್ಕೂ ಚಿಂತಿ ಮಾಡ್ತೀರಿ ನೀವು."

ಇಂಥ ನಾನು ನಿಯಮದ ಬಲದಿಂದ ಒಮ್ಮೆ ಗೆದ್ದಿದ್ದೆ. ನಮ್ಮ ಓಣಿಯಲ್ಲಿ, ಎರಡು ಮನೆ ಆಚೆ, ಖಾರ ಕುಟ್ಟುವ ಗಿರಣಿ ಇತ್ತು. ಬೇಸಿಗೆ ಬಂತೆಂದರೆ ಓಣಿಗೆ ಓಣಿಯೇ ಸೀನುತ್ತಿತ್ತು. ಉಳಿದವರು ಸೀನಿ ಸುಮ್ಮನಾಗುತ್ತಿದ್ದರು. ನಾನು ಸೀನಿ, ಮುಂದೆ ಏನಾಗಬಹುದೆಂದು ಲೆಕ್ಕ ಹಾಕುತ್ತಿದ್ದೆ. ಊರಿನ ನಕ್ಷೆಯಲ್ಲಿ ಜನ ಇರುವ ಜಾಗಕ್ಕೆ ಒಂದು ಬಣ್ಣ, ಕಾರ್ಖಾನೆಗಳಿಗೆ ಇನ್ನೊಂದು ಬಣ್ಣ. ನಮ್ಮ ಓಣಿ ಜನ ಇರುವ ಬಣ್ಣದೊಳಗೆ ಬರುತ್ತಿತ್ತು. ಅಲ್ಲಿ ಎಂಥ ಯಂತ್ರ, ಎಷ್ಟು ಶಕ್ತಿಯ ಮೋಟರು ಓಡಬಹುದು ಎಂದು ನಿಯಮದ ಪುಸ್ತಕದಲ್ಲಿ ಬರೆದಿದೆ. ಆ ಪುಟದ ಪ್ರತಿ, ಒಂದು ನಕ್ಷೆ, ಮೇಲೊಂದು ಅರ್ಜಿ ಇಟ್ಟು ಕೊಟ್ಟೆ. ಕೆಲವು ತಿಂಗಳಿಗೆ ಗಿರಣಿ ಎದ್ದುಹೋಯಿತು. ಸಾಮಾನು ತುಂಬಿದ ದಿನ ಗಿರಣಿಯ ಹೆಂಗಸು ನನ್ನ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕಿಟಕಿಯ ಹಿಂದೆ ನಿಂತಿದ್ದೆ, ಕಳ್ಳನ ಹಾಗೆ. ಆದರೂ ಈ ಗೆಲುವನ್ನು ಅಕ್ಕನಿಗೆ ಫೋನಿನಲ್ಲಿ ಎರಡೆರಡು ಸಲ ಹೇಳಿದೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಸಾಲೆಗೆ ಅಟ್ಟಿದವಳು ಅವಳೇ. ಕೊಟ್ಟದ್ದು ಅಕ್ಕಲಕೋಟ ತಾಲೂಕಿಗೆ, ಚಪಳಗಾಂವದಿಂದ ಇನ್ನೂ ಒಳಗೆ, ಕುರಿ ಸಾಕುವ ಮನೆತನಕ್ಕೆ. ಅವಳ ಗಂಡನನ್ನು ನಾನು ಮಾವ ಎನ್ನುತ್ತೇನೆ. ಅವನಿಗೆ ಮೊದಲು ಕುಲದೇವರು ಬೀರೋಬ, ಆಮೇಲೆ ಕುರಿ, ಆಮೇಲೆ ಮನುಷ್ಯರು.

ಆ ಕಡೆ ಊರೆಂದರೆ ಎರಡು ಬಗೆ. ಗುಡಿ, ಪಂಚಾಯಿತಿ, ಒತ್ತೊತ್ತಾಗಿ ಮನೆಗಳಿರುವ ಮೂಲ ಊರು ಗಾವಠಾಣ. ಅದನ್ನು ಬಿಟ್ಟು ಹೊಲದೊಳಗೇ ಮನೆ ಹಾಕಿಕೊಂಡು ಇದ್ದರೆ ಅದು ವಸ್ತಿ. ಅಕ್ಕ ಮಾವ ಗಾವಠಾಣದ ಹಳೆಯ ಮಣ್ಣಿನ ಮನೆ ಕುಸಿದ ಮೇಲೆ ವಸ್ತಿಗೆ ಬಂದರು. ಹಿಂಡಿಗೂ ಅದೇ ಅನುಕೂಲ. ಹೊಲದಲ್ಲಿ ಕಲ್ಲಿನ ಗೋಡೆ ಎಬ್ಬಿಸಿ, ತಗಡಿನ ಪತ್ರಾ ಹೊದಿಸಿ, ಎರಡು ಕೋಣೆ, ಒಂದು ಅಡುಗೆಮನೆ ಮಾಡಿಕೊಂಡರು. ಪಂಚಾಯಿತಿಯಲ್ಲಿ ನೋಂದಿಸಲು ನಕ್ಷೆ ಬೇಕಾಯಿತು. ಮನೆಯಲ್ಲೇ ನಕ್ಷೆಯವನಿರುವಾಗ ಇನ್ನೆಲ್ಲಿ ಹುಡುಕುವುದು?

ನನಗೆ ಎರಡು ದಿನ ನಿದ್ದೆ ಬರಲಿಲ್ಲ. ಹೊಲದಲ್ಲಿ ಮನೆ ಎಂದು ಬರೆದರೆ ಜಮೀನನ್ನು ಬೇಸಾಯದಿಂದ ಬೇರೆ ಮಾಡಿಸಬೇಕಾದೀತು. ಯಾರಾದರೂ ತಕರಾರು ತೆಗೆದಾರು. ನಾಳೆ ಯಾರಾದರೂ ಬಂದು ಗೋಡೆ ಕೆಡವಿದರೆ? ಯಾರೂ ಕೇಳದ ಪ್ರಶ್ನೆಗಳಿಗೆಲ್ಲ ನಾನೇ ಉತ್ತರ ಹುಡುಕಿ, ಕೊನೆಗೊಂದು ಜಾಣತನ ಮಾಡಿದೆ. ನಕ್ಷೆಯ ಮೇಲೆ ಮರಾಠಿಯಲ್ಲಿ "ಗೋಠಾ" ಎಂದು ಬರೆದೆ. ಗೋಠಾ ಎಂದರೆ ದನ ಕುರಿ ಕಟ್ಟುವ ದಡ್ಡಿ. ದಡ್ಡಿಗೆ ಯಾರೂ ಏನೂ ಕೇಳುವುದಿಲ್ಲ. ಅಡುಗೆಮನೆಗೆ ಮೇವಿನ ಕೋಣೆ ಎಂದು ಬರೆದೆ. ಅಕ್ಕ ಮಲಗುವ ಕೋಣೆಗೆ ಮರಿಗಳ ಕೋಣೆ. ಅಕ್ಷರಗಳನ್ನು ಮಾತ್ರ ಬಹಳ ಮುತುವರ್ಜಿಯಿಂದ ಬರೆದೆ.

ಓದಿ ಹೇಳಿದಾಗ ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. "ಮತ್ತ ನಾ ಏನೋ ತಮ್ಮಾ, ಆಡೋ ಕುರಿಯೋ?"

"ಕುರಿ ಆಗಿದ್ರ ಚಲೋ ಇತ್ತು," ಎಂದ ಮಾವ. "ವರ್ಷಕ್ಕ ಎರಡ ಸಲ ಉಣ್ಣಿನಾರ ಕೊಡ್ತಿದ್ದಿ."

"ನಿಮ್ಮ ಮಾರಿಗೆ ಕುರೀನ ಬರೋಬರ್ ಜೋಡಿ ರೀ," ಎಂದು ಅಕ್ಕ ತಿರುಗಿ ಕೊಟ್ಟಳು. ಆಮೇಲೆ ನನ್ನ ಕಡೆ ನೋಡಿ, "ಇರಲಿ ಬಿಡು, ಕಲ್ತ ತಮ್ಮ ಬರದಾನ ಅಂದ ಮ್ಯಾಲ ಸುಳ್ಳಾಗೂದಿಲ್ಲ," ಎಂದಳು. ಹಣೆಗೆ ಬೀರೋಬನ ಭಂಡಾರ, ಆ ಅರಿಸಿನದ ಪುಡಿ, ಹಚ್ಚಿ ನನ್ನನ್ನು ಎಸ್.ಟಿ. ಬಸ್ಸಿಗೆ ಕಳಿಸಿದಳು.

ಹತ್ತು ವರ್ಷ ಆ ಕಾಗದವನ್ನು ಯಾರೂ ನೆನೆಸಲಿಲ್ಲ. ಆಮೇಲೆ ಅಕ್ಕನ ಹೊಲಕ್ಕೆ ಹತ್ತಿದ ಮರಡಿಯನ್ನು ಯಾರೋ ಹೊರಗಿನವರು ಹಿಡಿದು ಕಲ್ಲು ಒಡೆಯುವ ಕ್ರಷರ್ ಕೂಡಿಸಿದರು. ರಸ್ತೆಗಳಿಗೆ ಖಡಿ ಬೇಕಿತ್ತು, ಊರಿನ ಹತ್ತಾರು ಮನೆಯವರಿಗೆ ಕೆಲಸವೂ ಸಿಕ್ಕಿತು. ನಮ್ಮದೇನೂ ಹರಕತ್ ಇಲ್ಲ ಎಂದು ಗಾವಠಾಣದವರು ಬರೆದುಕೊಟ್ಟರು. ಅವರಿಗೆ ಹರಕತ್ ಇರಲೂ ಇಲ್ಲ; ಗಾಳಿ ಆ ಕಡೆ ಬೀಸುತ್ತಿರಲಿಲ್ಲ.

ಮೊದಲು ಗೊತ್ತಾದದ್ದು ಕುರಿಗಳಿಂದ. ಉಣ್ಣೆ ಕತ್ತರಿಸಲು ಬಂದವನು ನಾಲ್ಕು ಕುರಿ ಮುಗಿಸುವಷ್ಟರಲ್ಲಿ ಕತ್ತರಿ ಕೆಳಗಿಟ್ಟನಂತೆ. "ಅಕ್ಕಾರ, ನಿಮ್ಮ ಕುರಿ ಕತ್ತರಿ ತಿನ್ನಾಕತ್ತಾವ್ರಿ!" ಎಂದನಂತೆ. ಹಳ್ಳದಲ್ಲಿ ತೊಳೆದು ತಂದ ಕುರಿಗಳು ಮನೆ ಮುಟ್ಟುವಷ್ಟರಲ್ಲಿ ಮತ್ತೆ ಬೂದಿ ಬಣ್ಣವಾಗಿರುತ್ತಿದ್ದವು. ಉಣ್ಣೆಯ ಬುಡದಲ್ಲಿ ಕಲ್ಲಿನ ಹುಡಿ ಕೂತು ಅಲಗು ಮೊಂಡಾಗುತ್ತಿತ್ತು. ಅಕ್ಕ ಇದನ್ನೆಲ್ಲ ನಗುತ್ತಲೇ ಹೇಳಿದಳು. ನಡುನಡುವೆ ಕೆಮ್ಮಿದಳು. ಊರೆಲ್ಲದರ ಚಿಂತೆ ಹೊರುವ ನಾನು ಆ ಕೆಮ್ಮನ್ನು ಫೋನಿನ ಗದ್ದಲ ಎಂದುಕೊಂಡೆ.

ದೀಪಾವಳಿಗೆ ಹೋದಾಗ ಅಕ್ಕ ತಟ್ಟೆ ತೊಳೆದು, ಸೆರಗಿನಿಂದ ಒರೆಸಿ, ರೊಟ್ಟಿ ಹಾಕಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕೊಟ್ಟಳು. ಮುಚ್ಚಿದ ತಟ್ಟೆಯ ಕೆಳಗೆ ಕೈಹಾಕಿ ಮುರಿದುಕೊಂಡು ತಿನ್ನಬೇಕು. ಆದರೂ ಹಲ್ಲಿನಡಿ ಹುಡಿ ಗರಕ್ಕೆಂದಿತು.

"ಗಿರಣಿ ಎಬ್ಬಿಸಿದವ ಅದಿ," ಎಂದಳು ಅಕ್ಕ, ಮತ್ತೆ ಕೆಮ್ಮುತ್ತ. "ಇದನ್ನೊಂದು ಎಬ್ಬಿಸಿ ಕೊಡೋ ತಮ್ಮಾ. ನನಗೇನ ಬ್ಯಾರೆ ಬೇಡ. ಈ ಮನ್ಯಾಗ ಉಸರ ಆಡಿದ್ರ ಸಾಕು."

ನನಗೆ ಹುರುಪು ಬಂತು. ಜನ ಇರುವ ಮನೆಯಿಂದ ಇಂತಿಷ್ಟು ದೂರದೊಳಗೆ ಕ್ರಷರ್ ಇರಕೂಡದು ಎಂಬ ನಿಯಮ ನನಗೆ ಗೊತ್ತಿತ್ತು. ಆಫೀಸಿನ ಉದ್ದನೆಯ ಟೇಪು ತಂದೆ. ಒಂದು ತುದಿ ಮಾವ ಹಿಡಿದ, ಇನ್ನೊಂದು ನಾನು. ಕ್ರಷರಿನ ತಂತಿಬೇಲಿಯಿಂದ ಅಕ್ಕನ ಹೊಸ್ತಿಲಿನವರೆಗೆ, ಟೇಪು ಮುಗಿದಲ್ಲೆಲ್ಲ ಒಂದೊಂದು ಕಲ್ಲಿಟ್ಟು, ಬಿಸಿಲಲ್ಲಿ ಅಳೆದೆವು. ನಿಯಮದ ಅರ್ಧ ದೂರವೂ ಬರಲಿಲ್ಲ.

"ಕಡಿಮಿ ಬಿತ್ತು ಮಾವಾ! ಕಡಿಮಿ ಬಿತ್ತು!" ಎಂದು ಕುಣಿದೆ.

"ಕಡಿಮಿ ಬಿದ್ದದ್ದಕ್ಕ ಕುಣಿಯೋ ಮನಷ್ಯಾನ್ನ ಇವತ್ತ ನೋಡಿದೆ," ಎಂದ ಮಾವ.

ದೂರು ಕೊಟ್ಟೆ. ಎರಡು ತಿಂಗಳ ಮೇಲೆ ಒಬ್ಬ ಅಧಿಕಾರಿ ಸ್ಥಳ ನೋಡಲು ಬಂದರು. ಒಳ್ಳೆಯ ಮನುಷ್ಯ, ಕುರ್ಚಿ ಒರೆಸಿಕೊಂಡು ಕೂತರು, ತಾವೂ ಕೆಮ್ಮಿದರು, ಅಕ್ಕ ಮುಚ್ಚಿ ತಂದ ಚಹಾ ಕುಡಿದರು. ಅಳತೆ ಒಪ್ಪಿದರು. ಆಮೇಲೆ ಪಂಚಾಯಿತಿಯ ಪುಸ್ತಕ ತೆಗೆದು, ಬೆರಳಿಟ್ಟು ಓದಿ, ತಲೆ ಎತ್ತಿದರು.

"ಇಥಂ ಘರ್ ನಾಹೀ. ಗೋಠಾ ಆಹೇ." ಇಲ್ಲಿ ಮನೆ ಇಲ್ಲ, ದಡ್ಡಿ ಇದೆ. ಜೊತೆಗಿದ್ದ ನಕ್ಷೆಯನ್ನು ನನ್ನ ಮುಂದೆ ಬಿಡಿಸಿದರು. ಮೇವಿನ ಕೋಣೆ. ಮರಿಗಳ ಕೋಣೆ. "ಅಕ್ಷರ ಭಾಳ ಚಲೋ ಅದಾವ," ಎಂದು ಕನ್ನಡದಲ್ಲೇ ಹೊಗಳಿದರು. ಅದು ಯಾರ ಅಕ್ಷರ ಎಂದು ನಾನು ಹೇಳಲಿಲ್ಲ.

ದಡ್ಡಿಯಿಂದ ದೂರ ಅಳೆಯುವ ನಿಯಮ ಇಲ್ಲ. ಅಳೆದರೆ ಗಾವಠಾಣದಿಂದ ಅಳೆಯಬೇಕು. ಅದು ಬೇಕಾದಷ್ಟು ದೂರ ಇತ್ತು.

ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. "ಸಾಹೇಬ್ರ, ನಾ ಇಲ್ಲೇ ನಿಂತೀನಲ್ರೀ!"

"ಅಕ್ಕಾ, ನಾ ನಿಮ್ಮನ್ನ ನೋಡಾಕತ್ತೀನಿ," ಎಂದರು ಅವರು, ನಿಜವಾದ ಬೇಜಾರಿನಿಂದ. "ಪುಸ್ತಕ ನೋಡವಲ್ದು."

ಅದನ್ನು ತಿದ್ದಿಸಲು ಅರ್ಜಿ ಹಾಕಿದೆ. ಅಕ್ಕ ಅಲ್ಲಿ ಇದ್ದಾಳೆ ಎನ್ನುವುದಕ್ಕೆ ಪುರಾವೆ ಕೇಳಿದರು. ರೇಶನ್ ಕಾರ್ಡಿನಲ್ಲಿ ಗಾವಠಾಣದ ಮನೆಯ ನಂಬರು. ಮತದಾರರ ಯಾದಿಯಲ್ಲೂ ಅದೇ. ಕರೆಂಟಿನ ಬಿಲ್ಲು ಬಾವಿಯ ಪಂಪಿನದು. ಕಾಗದಗಳನ್ನು ಹರವಿ ನೋಡಿದರೆ ನನ್ನ ಅಕ್ಕ, ಛಾವಣಿ ಇಲ್ಲದ, ಜಾಲಿಮುಳ್ಳು ಬೆಳೆದ ಪಾಳು ಗೋಡೆಗಳ ನಡುವೆ ಸುಖವಾಗಿ ಸಂಸಾರ ಮಾಡಿಕೊಂಡಿದ್ದಳು. ವಾರಕ್ಕೊಮ್ಮೆ ರಜೆ ಹಾಕಿ ಅಕ್ಕಲಕೋಟದ ಕಚೇರಿಗೆ ಹೋಗುತ್ತಿದ್ದೆ. ಸಾಹೇಬರು ಊಟಕ್ಕೆ ಹೋಗಿರುತ್ತಿದ್ದರು, ಇಲ್ಲವೇ ಸಭೆಗೆ.

ಅಷ್ಟರಲ್ಲಿ ಅಕ್ಕನಿಗೆ ಹಿಂಡಿನ ಹಿಂದೆ ನಡೆಯುವುದು ಆಗದಾಯಿತು. ಸೊಲ್ಲಾಪುರಕ್ಕೆ ಕರೆತಂದೆ. ಡಾಕ್ಟರು ಎದೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ಕಲ್ಲಿನ ದೂಳೋ ಇಷ್ಟು ವರ್ಷದ ಒಲೆಯ ಹೊಗೆಯೋ ಖಾತ್ರಿಯಾಗಿ ಹೇಳಲಾರೆ, ಯಾವುದೇ ಇರಲಿ, ಇನ್ನು ಅಲ್ಲಿಗೆ ಕಳಿಸಬೇಡಿ ಎಂದರು. ಒಲೆಯ ಹೊಗೆ ಎಂಬ ಮಾತನ್ನು ನಾನು ಮನೆಯವರೆಗೂ ಬಿಗಿಯಾಗಿ ಹಿಡಿದುಕೊಂಡು ಬಂದೆ. ಈಗಲೂ ಆಗಾಗ ಹಿಡಿದುಕೊಳ್ಳುತ್ತೇನೆ.

ನಮ್ಮ ಮನೆಯಲ್ಲಿ ಅಕ್ಕ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಹೆಂಡತಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅಕ್ಕನೂ ಕೈ ಹಚ್ಚಿದಳು.

"ಖಾರ ಎಲ್ಲಿ ಕುಟ್ಟಸ್ತೀಯವ್ವಾ ಈಗ?"

"ಭಾಳ ದೂರ ಹೋಗಬೇಕ್ರಿ, ರಿಕ್ಷಾ ಮಾಡ್ಕೊಂಡು. ಇದ್ದೊಂದು ಗಿರಣಿನ ನಿಮ್ಮ ತಮ್ಮ ಎಬ್ಬಿಸ್ಯಾರಲ್ಲ!"

ಅಕ್ಕ ನನ್ನ ಕಡೆ ತಿರುಗಿ ನಕ್ಕಳು. "ನಿನಗ ಸೀನು ಬರ್ತಾವಂತ ಗಿರಣಿನ ಎಬ್ಬಿಸಿದಿ. ನನಗ..."

ಅಷ್ಟಕ್ಕೇ ನಿಂತಳು. ಕೆಮ್ಮು ಬಂದು ನಿಂತಳೋ, ನನ್ನ ಮುಖ ನೋಡಿ ನಿಂತಳೋ, ತಿಳಿಯದು. ಮೆಣಸಿನಕಾಯಿಯ ತೊಟ್ಟುಗಳನ್ನು ಒಂದೊಂದಾಗಿ ಕಾಗದದ ಮೇಲೆ ಸಾಲಾಗಿ ಇಟ್ಟಳು. ನಾನೇ ಕೇಳಬಹುದಿತ್ತು: ನಾನು ಬರೆದದ್ದಕ್ಕೆ ಸಿಟ್ಟು ಬಂದಿದೆಯೇನು ಅಕ್ಕಾ, ಎಂದು. ಕೇಳಿದರೆ ಇಲ್ಲ ಎನ್ನುತ್ತಾಳೆ ಎಂದು ಹೆದರಿ ಕೇಳಲಿಲ್ಲ.

ಉಣ್ಣೆ ಕತ್ತರಿಸುವ ಕಾಲ ಬಂದಾಗ ಹಟ ಹಿಡಿದು ಹೋದಳು. "ನಾ ಇಲ್ಲಾಂದ್ರ ಅವರು ಕುರಿ ತೊಳಿಯೂದೇ ಇಲ್ಲ," ಎಂದಳು. ಬಸ್ಸಿನ ಕಿಟಕಿಯಿಂದ ಕೈ ಚಾಚಿ ನನ್ನ ಹಣೆಗೆ ಭಂಡಾರ ಹಚ್ಚಿದಳು. "ಮನಿ ಆತಂತ ಬರಿಸ್ಕೊಂಡು ಬಾ. ನಾ ಅಲ್ಲೇ ಇರ್ತೀನಿ."

ಶ್ರಾವಣ ಮುಗಿಯುವಷ್ಟರಲ್ಲಿ ಅಕ್ಕ ಇರಲಿಲ್ಲ.

ತಿದ್ದುಪಡಿಯ ಅರ್ಜಿ ಮುಂದೆ ಸರಿದದ್ದು ಆಮೇಲೆ. ಇಂಥ ದಿನ ಸ್ಥಳ ಪರಿಶೀಲನೆ ಎಂದು ಕಾಗದ ಬಂತು. ಹೋಗಲೇಬೇಕೇ ಎಂದು ಹೆಂಡತಿ ಕೇಳಿದಳು. ಹೋದೆ. ಜೇಬಿನಲ್ಲಿ ಟೇಪು ಇತ್ತು, ಯಾಕೆ ಒಯ್ದೆನೋ.

ಅದೇ ಅಧಿಕಾರಿ. ಅಂಗಳದಲ್ಲಿ ಕುರ್ಚಿ ಇರಲಿಲ್ಲ, ನಿಂತೇ ಇದ್ದರು. ಕ್ರಷರ್ ಓಡುತ್ತಿತ್ತು. ಮಾವ ಒಳಗಿನಿಂದ ಬಂದ, ಕಂಬಳಿಯ ಮೇಲೆಲ್ಲ ಬಿಳಿ ಹುಡಿ. ಅಡುಗೆಮನೆಯಲ್ಲಿ ಒಲೆ ಇರಲಿಲ್ಲ; ಮೇವಿಗೆಂದು ಜೋಳದ ಕಣಿಕೆ ಸೂರಿನವರೆಗೆ ಒಟ್ಟಿತ್ತು. ಅಕ್ಕನ ಕೋಣೆಯಲ್ಲಿ ಐದಾರು ಮರಿಗಳು ಒಂದರ ಮೇಲೊಂದು ಮಲಗಿದ್ದವು. ಹೊರಗೆ ಬಿಟ್ಟರೆ ಮರಿಗಳೂ ಕೆಮ್ಮುತ್ತವೆ, ಅದಕ್ಕೆ ಒಳಗೆ ಹಾಕಿದ್ದೇನೆ ಎಂದ. ತಾನು ಹಿಂಡಿನ ಜೊತೆ ಎಲ್ಲಿ ಹೊತ್ತು ಮುಳುಗಿದರೆ ಅಲ್ಲಿ ಇರುತ್ತಾನಂತೆ.

ಅಧಿಕಾರಿ ಪುಸ್ತಕ ತೆರೆದು, ಕೇಳಲೇಬೇಕಾದ್ದನ್ನು ಕೇಳಿದರು. "ಇಲ್ಲಿ ಯಾರು ಇರ್ತಾರ?"

ಮಾವ ಹೊಸ್ತಿಲಿನ ಮೇಲಿನ ಹುಡಿಯನ್ನು ಕಂಬಳಿಯ ತುದಿಯಿಂದ ಒರೆಸಿದ. ಅಕ್ಕನೂ ಹಾಗೇ ಒರೆಸುತ್ತಿದ್ದಳು, ಸೆರಗಿನಿಂದ, ಯಾರಾದರೂ ಬಂದರೆ ಮೊದಲು ಹೊಸ್ತಿಲು.

"ಇದ್ಲರೀ," ಎಂದ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ನನ್ನನ್ನು ನೋಡಿದರು. "ಏನ ಬರೀಲಿ?"

ಮನೆ ಎಂದು ಬರೆಯಿರಿ ಎನ್ನಬಹುದಿತ್ತು. ಅವರು ಬರೆದೂ ಬಿಡುತ್ತಿದ್ದರೇನೋ, ಅಂಥ ಮನುಷ್ಯ. ಆದರೆ ಈ ಮನೆಯ ಬಗ್ಗೆ ಇನ್ನೊಂದು ಸುಳ್ಳು ಬರೆಸಲು ನನ್ನ ನಾಲಿಗೆ ಏಳಲಿಲ್ಲ. ಕಂಡದ್ದನ್ನು ಬರೆಯಿರಿ ಎಂದೆ.

ಅವರು ಬರೆಯತೊಡಗಿದರು. ಒಳಗೆ ಒಂದು ಮರಿ ಕೆಮ್ಮಿತು. ಮಾವ ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆಳೆದು ಬಂದ.