ಉಡಿ ತುಂಬಿ ಕಳಿಸಿದ ಯಂತ್ರ

ನನ್ನ ಕೈಚೀಲದಲ್ಲಿ ಕನ್ನಡಕ ಹುಡುಕಿದರೆ ಮೊದಲು ಸಿಗುತ್ತಿದ್ದುದು ಸ್ಕ್ರೂ ಡ್ರೈವರ್. ಬಿ.ಪಿ. ಮಾತ್ರೆ, ಏಲಕ್ಕಿ ಡಬ್ಬಿ, ಲೇಸಿನಂಚಿನ ಕರ್ಚೀಫು, ಇವೆಲ್ಲದರ ಮೇಲೆ ಅದು ಮನೆಯ ಯಜಮಾನನಂತೆ ಅಡ್ಡಡ್ಡ ಮಲಗಿರುತ್ತಿತ್ತು. ಬೈಲಹೊಂಗಲದ ಬ್ಯಾಂಕಿನಲ್ಲಿ ಒಮ್ಮೆ ಪಾಸ್‌ಬುಕ್ಕಿಗೆಂದು ಕೈ ಹಾಕಿದಾಗಲೂ ಅದೇ ಹೊರಬಂತು. ಕೌಂಟರಿನ ಹುಡುಗಿ, "ಅಮ್ಮಾರ, ನಮ್ಮ ಲಾಕರ್ ಬಿಚ್ಚಾಕ ಬಂದೀರೇನ್ರಿ?" ಎಂದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಎಪ್ಪತ್ತು ದಾಟಿದ ಹೆಂಗಸಿನ ಚೀಲದಿಂದ ವಿಭೂತಿಗಟ್ಟಿ ಬಂದರೆ ಕೈಮುಗಿಯುವ ಈ ಜನ ಸ್ಕ್ರೂ ಡ್ರೈವರ್ ಬಂದರೆ ಯಾಕೆ ನಗಬೇಕು, ನೀವೇ ಹೇಳಿ.

ಈ ಆಯುಧಧಾರಣೆಯ ಮೂಲ ಕಾಫಿಯಲ್ಲಿದೆ. ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಮಂಗಳೂರು ಕಡೆಯ ಸಿಸ್ಟರ್‌ಗಳು ನನಗೆ ಗ್ರಾಮರ್, ಬಟನ್‌ಹೋಲ್ ಹೊಲಿಗೆ ಮತ್ತು ಕಾಫಿ ಕಲಿಸಿದರು. ಮೊದಲಿನ ಎರಡು ಕಾಲಕ್ರಮೇಣ ಸವೆದುಹೋಗಿ ಮೂರನೆಯದು ಮಾತ್ರ ಚಟವಾಗಿ ಉಳಿಯಿತು. ಮದುವೆಯಾಗಿ ಬಂದದ್ದು ಚಹಾದ ಪಾತ್ರೆ ಒಲೆಯಿಂದ ಇಳಿಯದ ಮನೆಗೆ. ಅಲ್ಲಿ ಕಾಫಿಯೆಂದರೆ ಜ್ವರ ಬಂದವರಿಗೆ ಕೊಡುವ ಕಷಾಯ. ನಾನು ದಿನಾಲೂ ಕುಡಿಯುವುದನ್ನು ನೋಡಿದ ಅತ್ತೆ, ಪಾಪದ ಸೊಸೆಗೆ ಒಳಗೊಳಗೇ ಏನೋ ರೋಗವಿರಬೇಕೆಂದು ತುಂಬ ದಿನ ನಂಬಿದ್ದರು.

ಇಂಥ ನಾನು ನಾಲ್ಕು ವರ್ಷದ ಹಿಂದೆ ಸೀರೆ ಕೊಳ್ಳಲು ರಾಮದುರ್ಗಕ್ಕೆ ಹೋದವಳು, ಅಲ್ಲಿನ ಗುಜರಿ ಅಂಗಡಿಯ ಮುಂದೆ ಮುರುಕು ಪಂಪ್‌ಸೆಟ್ಟುಗಳ ನಡುವೆ ಬೋರಲು ಬಿದ್ದಿದ್ದ ಒಂದು ಕಾಫಿ ಗ್ರೈಂಡರನ್ನು ಕಂಡೆ. ಮನೆಯ ಪುಟಾಣಿ ಮಿಕ್ಸರಲ್ಲ, ಕಾಫಿಪುಡಿ ಅಂಗಡಿಯ ಗ್ರೈಂಡರು: ಎರಕದ ಕಬ್ಬಿಣದ ಮೈ, ತಲೆಯ ಮೇಲೆ ಬೀಜ ಸುರಿಯಲು ಆಲಿಕೆಯಂಥ ಹಾಪರ್, ಹೊಟ್ಟೆಯೊಳಗೆ ಎದುರುಬದುರು ಹಲ್ಲು ಮಸೆಯುವ ಎರಡು ಉಕ್ಕಿನ ಬಿಲ್ಲೆ. ಸೀರೆಯಿಲ್ಲದೆ ಮನೆಗೆ ಬಂದೆ. ಬಿಡಿಭಾಗಕ್ಕೆಂದು ಫೋನು ಮಾಡಿದರೆ ಕಂಪನಿಯ ಪುಣ್ಯಾತ್ಮ, "ಮೇಡಂ, ಆ ಮಾಡೆಲ್ ಈಗ ಅಬ್ಸಲೀಟ್" ಎಂದ. ಅಬ್ಸಲೀಟ್! ಅಂದರೆ ಕಾಲ ಮುಗಿದದ್ದು. ಯಂತ್ರದ ವಿಷಯ ಹೇಳಿದನೋ, ನನ್ನ ದನಿ ಕೇಳಿ ನನ್ನ ವಿಷಯ ಹೇಳಿದನೋ ತಿಳಿಯದೆ ಮೈಯೆಲ್ಲ ಉರಿದು, ಆ ಗಳಿಗೆಯಲ್ಲೇ ಅದನ್ನು ಬದುಕಿಸುವ ಸಂಕಲ್ಪ ಮಾಡಿದೆ.

ಡೈನಿಂಗ್ ಟೇಬಲ್ಲು ಆಪರೇಷನ್ ಥಿಯೇಟರಾಯಿತು. ತುಕ್ಕು ಉಜ್ಜಿದೆ, ಬೇರಿಂಗು ಬದಲಿಸಿದೆ, ವಿಡಿಯೋ ನೋಡಿ ನೋಡಿ ಮೋಟಾರಿನ ತಂತಿ ಬೆಸೆದೆ. ಬಿಲ್ಲೆ ಹಿಡಿದ ನಟ್ಟು ಮಾತ್ರ ಜಗ್ಗಲಿಲ್ಲ. ಲೇಥ್ ಅಂಗಡಿಯ ಮೌನೇಶನ ಬಳಿ ಒಯ್ದರೆ ಅವನು, ಸಿರಸಂಗಿ ಕಾಳಮ್ಮನ ಫೋಟೋಕ್ಕೆ ಊದುಬತ್ತಿ ಚುಚ್ಚುತ್ತ, "ಮಿಸ್ತ್ರಿನ್ನ ಕಳಸ್ರಿ ಅಕ್ಕಾರ, ನಿಮಗ ತಿಳಿಯಂಗಿಲ್ಲ" ಎಂದ. ಮಿಸ್ತ್ರಿ ನಾನೇ ಎಂದರೆ ನನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಇಣುಕಿದ! ಅರ್ಧ ತಾಸು ನಟ್ಟಿಗೆ ಪಾನಾ ಹಾಕಿ ತಿರುವಿ ಬೆವರಿ, ಕೊನೆಗೆ ಸುತ್ತಿಗೆ ಎತ್ತಿದಾಗ ನಾನು ತಡೆದು, ಅದು ಉಲ್ಟಾ ಆಟಿಯ ನಟ್ಟು, ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ ಎಂದೆ. ಬಿಚ್ಚಿತು. ಸವೆದ ಬಿಲ್ಲೆಗೆ ಅವನು ಹೊಸ ಹಲ್ಲು ಕಡೆದುಕೊಟ್ಟ, ಆದರೆ ಆ ದಿನವಿಡೀ ನನ್ನ ಮುಖ ನೋಡಿ ಮಾತಾಡಲಿಲ್ಲ.

ಪುಡಿ ಹಾರದಂತೆ ಯಂತ್ರದ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದು ನನ್ನ ಸ್ವಂತ ಇನ್ವೆನ್ಷನ್; ಅಷ್ಟು ಹೆಮ್ಮೆ ನನಗೆ ನನ್ನ ಡಿಗ್ರಿಯ ಬಗೆಗೂ ಇಲ್ಲ. ಅದು ಮೊದಲ ಸಲ ಗುಡುಗಿದ ದಿನ ನನ್ನ ನೆಗೆಣ್ಣಿ ಗೌರಕ್ಕ ಒಣಮೆಣಸಿನಕಾಯಿಯ ಬುಟ್ಟಿ ಹೊತ್ತು ಬಂದಳು. ನಮ್ಮ ಕಡೆ ಬೀಸುವುದೆಲ್ಲ ಗಿರಣಿಯೇ ತಾನೆ! ಕಾಫಿಯ ಯಂತ್ರಕ್ಕೆ ಖಾರ ಹಾಕುವುದು ಸ್ಯಾಕ್ರಿಲೆಜ್, ಮಹಾಪಾಪ ಎಂದು ನಾನು ಪಾದ್ರಿಯಂತೆ ಉಪದೇಶ ಕೊಟ್ಟು ಅವಳನ್ನು ಬುಟ್ಟಿ ಸಮೇತ ಹಿಂದಕ್ಕೆ ಕಳಿಸಿದೆ.

ಆದರೆ ದಿನಕ್ಕೆ ಎರಡು ಕಪ್ಪು ಕುಡಿಯುವ ಮುದುಕಿಯ ಮನೆಯಲ್ಲಿ ಆ ಭೀಮನ ಹೊಟ್ಟೆ ತುಂಬುವುದೆಂತು? ದೂರದ ಸಂಬಂಧದ ಮಹಾಂತೇಶ ಕಿತ್ತೂರಿನಲ್ಲಿ ಹೈವೇ ಮೇಲೆ ಹೋಟೆಲು ತೆರೆಯುತ್ತೇನೆ, ಫಿಲ್ಟರ್ ಕಾಫಿಯೇ ಸ್ಪೆಷಲ್ಲು ಎಂದಾಗ, ದಿನಾಲೂ ಓಡಿಸಬೇಕೆಂಬ ಒಂದೇ ಕರಾರಿನ ಮೇಲೆ ಕೊಟ್ಟುಬಿಟ್ಟೆ. ಯಂತ್ರ ಹೊರಡುವಾಗ ಗೌರಕ್ಕ, "ಖಾಲಿ ಕಳಸಬ್ಯಾಡವಾ, ಉಡಿ ತುಂಬು" ಎಂದಳು. ಗಂಡನ ಮನೆಗೆ ಹೊರಟ ಮಗಳಿಗೆ ಮಡಿಲು ತುಂಬಿದಂತೆ ಯಂತ್ರಕ್ಕೆ! ಕಾನ್ವೆಂಟಿನ ನಾನು ನಕ್ಕೆ. ನಕ್ಕು, ಹಾಪರಿಗೆ ಐದು ಬೊಗಸೆ ಕಾಫಿಬೀಜ ಸುರಿದೆ. ಟೆಂಪೋ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದೆನೆಂಬುದನ್ನು ಬೇರೆಯವರಿಗೆ ಹೇಳಬೇಡಿ.

ಮೊಣಕಾಲಿನ ಕೃಪೆಯಿಂದ ನಾನು ಅಲ್ಲಿಗೆ ಹೋದದ್ದು ಆರು ತಿಂಗಳ ಮೇಲೆ. ನೋಡುತ್ತೇನೆ: ಹೋಟೆಲಿನ ಬಾಗಿಲಲ್ಲೇ, ಮೈಗೆಲ್ಲ ಬಂಗಾರದ ಬಣ್ಣ ಬಳಿಸಿಕೊಂಡು, ಹಗ್ಗದ ಬೇಲಿಯೊಳಗೆ ನಿಂತಿದೆ ನನ್ನ ಗ್ರೈಂಡರು. ಹಾಪರಿನಲ್ಲಿ ಪ್ಲಾಸ್ಟಿಕ್ ಹೂವು! ಹೂವಿನ ಕಡ್ಡಿ ಅಲುಗದಂತೆ ಹಿಡಿದಿದ್ದವು ನಾನು ತುಂಬಿದ ಅವೇ ಐದು ಬೊಗಸೆ ಬೀಜ. ಒಂದು ಕಾಳೂ ಕಡಿಮೆಯಾಗಿರಲಿಲ್ಲ. ವೈರಿನ ತುದಿಯ ಪ್ಲಗ್ಗು ಕಿತ್ತು ಫ್ರಿಜ್ಜಿನ ವೈರಿಗೆ ಜೋಡಿಸಿದ್ದರು.

"ಕಾಕೂ! ಬರ್ರಿ ಬರ್ರಿ, ಎಷ್ಟ ಚಂದ ಕಾಣತೈತಿ ನೋಡ್ರಿ! ಮಂದಿ ಸೆಲ್ಫಿ ತಗೀತಾರ್ರಿ" ಎಂದು ಮಹಾಂತೇಶ ಓಡಿಬಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅದರ ಪಕ್ಕ ಕುರ್ಚಿ ಹಾಕಿಸಿ, ನನ್ನನ್ನು ಕೂಡಿಸಿ, ಹೆಗಲಿಗೆ ಶಾಲು ಹೊದಿಸಿ, ಕೈಗೊಂದು ಹಾರ ಕೊಟ್ಟು ಫೋಟೋ ತೆಗೆಸಿದ. ಆಮೇಲೆ ಕಾಫಿ ಬಂತು: ಸ್ಯಾಷೆ ಹರಿದು ಬಿಸಿನೀರಿಗೆ ಕದಡಿದ್ದು.

ಬಂಗಾರದ ಬಣ್ಣದ ಯಂತ್ರ, ಜರಿಶಾಲಿನ ಮುದುಕಿ. ಇಬ್ಬರಿಗೂ ಎಷ್ಟೊಂದು ಮರ್ಯಾದೆ, ಇಬ್ಬರಿಂದಲೂ ಯಾರಿಗೂ ಏನೂ ಬೇಕಿಲ್ಲ. ನಾನು ಶಾಲು ತೆಗೆದು ಹಗ್ಗದ ಮೇಲೆ ಎಸೆದೆ. ಹೂವು ಕಿತ್ತೆ. ಚೀಲದಿಂದ ಸ್ಕ್ರೂ ಡ್ರೈವರ್ ತೆಗೆದೆ.

ಅಷ್ಟರಲ್ಲಿ ಅಡುಗೆಮನೆಯಿಂದ ನೀಲವ್ವ, ಅಲ್ಲಿಯ ಅಡುಗೆಯಾಕೆ, ಕೈ ಒರೆಸುತ್ತ ಬಂದು ನಿಂತಳು. "ಇದು ತಿರಗತೈತೇನ್ರಿ ಅಮ್ಮಾರ? ನಾ ಹೂದಾನಿ ಅಂತ ತಿಳಿದಿದ್ನಿ." ತಿರುಗುತ್ತದೆ ಎಂದೆ. ಅವಳು ಯಂತ್ರದ ಸುತ್ತ ಒಂದು ಸುತ್ತು ಬಂದು, ದನಿ ತಗ್ಗಿಸಿ, "ಮಿಕ್ಸರ್ ಸುಟ್ಟು ಎಂಟ ದಿನಾತ್ರಿ, ಗಿರಣಿಗೆ ಹೊತ್ತು ಹೊತ್ತು ನಡ ಬಿದ್ದೈತಿ. ಇದರಾಗ ಖಾರ ಬೀಸತೈತೇನ್ರಿ?" ಎಂದಳು.

ಓದುಗ ಮಹಾಶಯರೇ, ಗೌರಕ್ಕನ ಬುಟ್ಟಿ ಕಣ್ಣ ಮುಂದೆ ಬಂತು. ನನ್ನ ಉಪದೇಶವೂ ಬಂತು. ಆದರೆ ಆರು ತಿಂಗಳಲ್ಲಿ ಈ ಯಂತ್ರವನ್ನು ಕೆಲಸಕ್ಕೆ ಕರೆದವಳು ಇವಳೊಬ್ಬಳೇ. "ಆ ಸುಟ್ಟ ಮಿಕ್ಸರಿನ ಪ್ಲಗ್ ತಗೊಂಡ್ ಬಾ" ಎಂದೆ.

ಮೊದಲು ಉಡಿಯ ಬೀಜ ಬೀಸಿತು, ಹಳಸಲಾಗಿದ್ದರೂ ಘಮ್ಮೆಂದಿತು. ಆಮೇಲೆ ಬಿಲ್ಲೆಗಳ ನಡುವಿನ ಅಂತರ ಸಡಿಲಿಸಿ ಮೆಣಸಿನಕಾಯಿ ಸುರಿದೆವು. ನನ್ನ ಸೈಕಲ್ ಟ್ಯೂಬನ್ನು ಬಣ್ಣ ಬಳಿದವರು ಕಿತ್ತೆಸೆದಿದ್ದರಾಗಿ, ಕೆಂಪು ಮೋಡವೊಂದು ಎದ್ದು ಫ್ಯಾಮಿಲಿ ರೂಮಿನ ತನಕ ವ್ಯಾಪಿಸಿತು. ಗಿರಾಕಿಗಳು ಸೀನಿದರು, ಕೆಮ್ಮಿದರು, ರೊಟ್ಟಿ ಬಿಟ್ಟು ಎದ್ದರು. ಮಹಾಂತೇಶ ಕಣ್ಣೊರೆಸುತ್ತ, "ಕಾಕೂ, ನಿಮ್ಮ ಕಾಲಿಗಿ ಬೀಳತೇನ್ರಿ, ಮೊದಲ ಅದನ್ನ ಒಳಗ ಒಯ್ರಿ!" ಎಂದು ಕೂಗಿದ. ಅಷ್ಟೇ ಬೇಕಿತ್ತು. ನಾಲ್ಕು ಜನ ಎತ್ತಿ ಅಡುಗೆಮನೆಯ ಕಟ್ಟೆಗೆ ಏರಿಸಿದರು. ಅಂದಿನಿಂದ ಅದು ಅಲ್ಲೇ ಇದೆ. ಖಾರ, ಕೊತ್ತಂಬರಿ ಬೀಜ, ಮಸಾಲೆ, ದಿನಾಲೂ ಏನಾದರೊಂದು ಬೀಸುತ್ತದೆ. ಬಂಗಾರದ ಬಣ್ಣ ಚಕ್ಕೆಯೇಳುತ್ತಿದೆ. ಕಾಫಿ ಮಾತ್ರ ಈಗಲೂ ಸ್ಯಾಷೆಯದೇ, ಅದರ ಮೇಲಿನ ನನ್ನ ಸಿಟ್ಟು ಹಾಗೆಯೇ ಇದೆ, ಇರಲಿ.

ಹೊರಡುವ ಮುನ್ನ ನೀಲವ್ವನಿಗೆ ಉಲ್ಟಾ ನಟ್ಟಿನ ಗುಟ್ಟು ಹೇಳಿಕೊಟ್ಟೆ. ಮೌನೇಶನಿಗೆ ಅರ್ಧ ತಾಸು ಹಿಡಿದದ್ದು ಅವಳ ತಲೆಗೆ ಒಂದೇ ಮಾತಿಗೆ ಹತ್ತಿತು.

ಹೋದ ವಾರ ಬ್ಯಾಂಕಿನಲ್ಲಿ ಕನ್ನಡಕಕ್ಕೆ ಕೈ ಹಾಕಿದೆ, ಕನ್ನಡಕವೇ ಸಿಕ್ಕಿತು. ಕರ್ಚೀಫಿನ ಖಾರದ ಘಾಟಿಗೆ ಎರಡು ಸಲ ಸೀನಿದೆ. ಕೌಂಟರಿನ ಹುಡುಗಿ ಕತ್ತು ಚಾಚಿ ಚೀಲದೊಳಗೆ ನೋಡಿ, "ಯಾಕ್ರಿ ಅಮ್ಮಾರ, ಸ್ಕ್ರೂ ಡ್ರೈವರ್ ಎಲ್ಲಿ ಹೋತು?" ಎಂದಳು.

"ಕೆಲಸಕ್ಕ ಹೋಗೇತಿ" ಎಂದೆ.