ಗುಂಪಿಗೆ ಸೇರದ ಮೂರು ಬಂಗಡೆ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಾಗಿತ್ತು. ಮೀನಿನ ಕಿವಿರಿನ ಮುಚ್ಚಳ ಎತ್ತಲೆಂದೇ ಅದೊಂದನ್ನು ಕತ್ತರಿಸದೆ ಬಿಟ್ಟಿದ್ದರು. ಮೀನು ಕೆಡದಂತೆ ಇಡುವ ಫಾರ್ಮಲಿನ್ ತಾಗಿ ತಾಗಿ ಹಳದಿಗಟ್ಟಿತ್ತು. ರಾಯಚೂರಿನ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ಅವರು. ತಾಯಿ ಮಾನ್ವಿ ಕಡೆ ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದರಂತೆ. ಮೇಡಂ ಸಮುದ್ರ ನೋಡಿದ್ದು ಒಂದೇ ಸಲ, ಅದೂ ನಲವತ್ತು ದಾಟಿದ ಮೇಲೆ.

ಪ್ರಾಯೋಗಿಕ ತರಗತಿಯಿದ್ದ ದಿನ ಮಾರುಕಟ್ಟೆಗೆ ಹೋಗಿ, ಮಂಜುಗಡ್ಡೆಯಲ್ಲಿ ಬಂದ ಕಡಲಮೀನು ತಾವೇ ಆರಿಸಿ ತರುತ್ತಿದ್ದರು. ಒಮ್ಮೆ ಸಹಪಾಠಿಯೊಬ್ಬ, "ಇದು ಯಾವ ಜಾತಿ ಮೀನ್ರಿ ಮೇಡಂ?" ಎಂದ. ಅವರು ಕತ್ತರಿ ಕೆಳಗಿಟ್ಟರು.

"ಪ್ರಭೇದ ಅನ್ನು. ಪ್ರಭೇದ ಆದ್ರ ಎಲುಬು ಎಣಿಸಿ ತೋರಸಬೌದು, ರಕ್ತದಾಗ ತೋರಸಬೌದು. ಜಾತಿ ಎಲ್ಲಿ ಅದ? ಯಾರನ್ನ ಕೊಯ್ದು ತೋರಸ್ತಿ?"

ಧ್ವನಿ ಏರಿಸಲಿಲ್ಲ. ಮತ್ತೆ ಕತ್ತರಿ ಎತ್ತಿಕೊಂಡರು.

ಮುಂದೆ ನಾನು ಕರಾವಳಿಯ ಪ್ರಯೋಗಾಲಯವೊಂದಕ್ಕೆ ಸಂಶೋಧನೆಗೆ ಸೇರಿದೆ. ಬಂಗಡೆ ಮೀನಿನ ಡಿಎನ್‌ಎ ಓದುವುದು ನನ್ನ ಕೆಲಸ. ಬಂದರಿನಿಂದ ತಂದ ಮೀನುಗಳೆಲ್ಲ ಒಂದೇ ಗುಂಪಿಗೆ ಸೇರಿದವು, ಮೂರನ್ನು ಬಿಟ್ಟು. "ಮಾದರಿಯ ಕೊಳವೆ ಅದಲುಬದಲಾಗಿರಬೇಕು, ಆ ಮೂರನ್ನು ತೆಗೆದುಬಿಡಿ" ಎಂದರು ಮಾರ್ಗದರ್ಶಕರು. ತೆಗೆದೆ. ಪ್ರಬಂಧ ಒಪ್ಪಿಸಲು ಹದಿನೈದು ದಿನ ಉಳಿದಿತ್ತು. ಆದರೂ ಮನಸ್ಸು ತಡೆಯದೆ, ಫಾರ್ಮಲಿನ್‌ನಲ್ಲಿಟ್ಟಿದ್ದ ಆ ಮೂರು ಮೀನನ್ನೂ ಗುಂಪಿಗೆ ಸೇರಿದ ಎರಡನ್ನೂ ಡಬ್ಬಿಯಲ್ಲಿ ಹಾಕಿಕೊಂಡು ದೇವದುರ್ಗಕ್ಕೆ ಹೋದೆ. ನಿವೃತ್ತರಾದ ಮೇಡಂ ಅಲ್ಲಿ ತಮ್ಮನ ಮನೆಯಲ್ಲಿದ್ದರು.

"ಬಾಯಿ ತೆರದು ನೋಡೀಯೇನು?" ಎಂದರು.

"ಇಲ್ರೀ ಮೇಡಂ. ಡಿಎನ್‌ಎ ಬಂದಿತ್ತಲ್ರೀ."

ಹಳೆಯ ಪೇಪರ್ ಹಾಸಿಕೊಂಡು ಕೂತರು. ಗುಂಪಿನ ಬಂಗಡೆಗಳಲ್ಲಿ ಕಿವಿರಿನ ಒಳಗಿನ ಜರಡಿ ಎಸಳುಗಳು ಹಕ್ಕಿಗರಿಯಂತೆ ಉದ್ದ, ಬಾಯಿ ತೆರೆದರೇ ಕಾಣುತ್ತಿದ್ದವು. ಆ ಮೂರರಲ್ಲಿ ಮೊಂಡಾಗಿದ್ದವು. ಬಳಿಕ ಹೊಟ್ಟೆ ಸೀಳಿ, ಕರುಳು ಬಿಡಿಸಿ, ಮೀನಿನ ಪಕ್ಕಕ್ಕೇ ಉದ್ದಕ್ಕೆ ಇಟ್ಟರು. ಮೊದಲಿನವುಗಳ ಕರುಳು ಮೀನಿಗಿಂತ ಉದ್ದ. ಈ ಮೂರರದು ಮೀನಿನಷ್ಟೂ ಇರಲಿಲ್ಲ.

"ನಿನ್ನ ಮಷಿನ್ ಖರೇನ ಹೇಳೇದ. ನೀನ ನಂಬಿಲ್ಲ. ಹೊರಗ ಹಾಕೂ ಮುಂದ ಒಂದ್ಸಲ ಮೀನ ನೋಡಬೇಕಿತ್ತಲ್ಲ ತಂಗಿ."

"ಬರದು ಮುಗದದ ಮೇಡಂ. ಈಗ ತಿದ್ದಿದ್ರ ಒಂದು ವರ್ಷ ಹೋಗ್ತದ."

"ಹೋಗ್ಲಿ."

ಹೋಯಿತು. ನಾನು ಕಣ್ಣಿಟ್ಟಿದ್ದ ಕೆಲಸ ಬೇರೆಯವರಿಗೆ ಸಿಕ್ಕಿತು. ಮಾರ್ಗದರ್ಶಕರು ಕೆಲವು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾವೇ ಬಂದರಿಗೆ ಹೋಗಿ ಅಂಥ ಇನ್ನಷ್ಟು ಮೀನು ತಂದರು. ಅದು ಹೊಸ ಪ್ರಭೇದವೇನಲ್ಲ. ಬೇರೆ ಕಡಲುಗಳಲ್ಲಿ ಗೊತ್ತಿದ್ದದ್ದೇ, ನಮ್ಮ ಬುಟ್ಟಿಗಳಲ್ಲಿ ಬರೀ ಬಂಗಡೆಯೆಂದು ಮಾರಾಟವಾಗುತ್ತಿತ್ತು.

ಮೇಡಂ ಅವರನ್ನು ಕೊನೆಗೆ ಕಂಡದ್ದು ರಾಯಚೂರಿನ ಆಸ್ಪತ್ರೆಯಲ್ಲಿ. ಮೂತ್ರಪಿಂಡಗಳು ಕೈಕೊಟ್ಟಿದ್ದವು. ಪ್ರಬಂಧ ಕೊಟ್ಟೆ. ತಮ್ಮ ಹೆಸರಿದ್ದ ಪುಟ ದಾಟಿ ಚಿತ್ರಗಳಿಗೆ ಹೋದರು.

"ಆ ಮೀನು ಎಲ್ಲಿ ಅದಾವ?"

"ಸಂಗ್ರಹಾಲಯದಾಗ, ನಂಬರ್ ಹಾಕಿ ಇಟ್ಟಾರ್ರಿ."

"ಛಲೋ ಆತು. ನಾವು ತಪ್ಪಿದ್ರ ಇನ್ನೊಬ್ರು ತೆಗದು ನೋಡ್ತಾರ."

ಎಂಟು ದಿನಕ್ಕೆ ತೀರಿಕೊಂಡರು.

ಈಗ ನನ್ನ ಕೈಕೆಳಗೆ ಇಬ್ಬರು ಸಂಶೋಧಕರಿದ್ದಾರೆ. ಲೆಕ್ಕಕ್ಕೆ ಹೊಂದದ ಮೀನು ಬಂದರೆ ಪಟ್ಟಿಯಿಂದ ತೆಗೆಯುವುದಿಲ್ಲ, ನನ್ನ ಮೇಜಿನ ಮೇಲೆ ತಂದಿಡುತ್ತಾರೆ. ಅದು ನಾನು ಮಾಡಿದ ನಿಯಮವೆಂದು ಅವರು ತಿಳಿದಿದ್ದಾರೆ.